ಸರ್ ಅವರ ಎಡ ಭುಜ

ಮೇಣ ಕರಗುವ ವಾಸನೆ ಬೇರೆಯವರಿಗೆ ಏನನ್ನು ನೆನಪಿಸುತ್ತದೋ ನನಗೆ ಗೊತ್ತಿಲ್ಲ. ನನಗೆ ಅದು ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ವರ್ಷದ ವಾಸನೆ. ಆ ವರ್ಷದ ಮಳೆಗಾಲ ಮುಗಿದ ಮೇಲೆ ರುದ್ರಮುನಿ ಸರ್ ಅವರ ಮೇಣದ ತೊಟ್ಟಿ ಹೊಳಲ್ಕೆರೆಯಿಂದ ಲಗೇಜ್ ಆಟೋದಲ್ಲಿ ನನ್ನ ಕ್ಲಿನಿಕ್ಕಿಗೆ ಬಂತು. ಕಳಿಸಿದವರು ಅವರ ಹೆಂಡತಿ ಗಿರಿಜಕ್ಕ. ಜೊತೆಗೆ ಒಂದು ಫೋನಿಲ್ಲ, ಒಂದು ಮಾತಿಲ್ಲ. ಸ್ಟೀಲಿನ ಸಣ್ಣ ಪೆಟ್ಟಿಗೆ, ಒಳಗೆ ಬಿಳಿ ಮೇಣ. ಸ್ವಿಚ್ ಹಾಕಿದರೆ ಮೇಣ ಕರಗುತ್ತದೆ, ಸೆಟೆದುಕೊಂಡ ಬೆರಳುಗಳನ್ನು ಅದರಲ್ಲಿ ಅದ್ದಿ ತೆಗೆದರೆ ಹಿಡಿತ ಬಿಡುತ್ತದೆ. ನಾನು ಅದನ್ನು ಮೂಲೆಗಿಟ್ಟು ಮೇಲೊಂದು ಟವೆಲ್ ಹೊದಿಸಿದ್ದೆ. ಎಷ್ಟೋ ಜನ ಸಂಧಿವಾತದವರು ಬಂದು ಹೋದರು, ಅವರಿಗೆಲ್ಲ ಬಿಸಿನೀರಿನಲ್ಲೇ ಮುಗಿಸಿದೆ. ಆ ಸ್ವಿಚ್ ಹಾಕಲು ನನಗೆ ಧೈರ್ಯ ಬರಲಿಲ್ಲ.

ಈ ಆಷಾಢದಲ್ಲಿ ಗಿರಿಜಕ್ಕನೇ ಫೋನ್ ಮಾಡಿದರು. ಬೆರಳು ಮಡಚಲಿಕ್ಕೆ ಬರುತ್ತಿಲ್ಲ, ರೊಟ್ಟಿ ತಟ್ಟಲಿಕ್ಕೆ ಆಗುತ್ತಿಲ್ಲ, ನಿನ್ನ ಹತ್ತಿರ ಬರಲಾ ಅಂತ ಕೇಳಿದರು. ಬೇಡ ಅನ್ನಲು ನಾಲಿಗೆ ಏಳಲಿಲ್ಲ. ಅವರು ಬರುವ ದಿನ ಬೆಳಿಗ್ಗೆ ಬೇಗ ಬಂದು ಟವೆಲ್ ತೆಗೆದು ಧೂಳು ಒರೆಸಿ ಸ್ವಿಚ್ ಹಾಕಿದೆ. ಕೆಳಗಿನ ಕೊಬ್ಬರಿ ಮಂಡಿಯ ಎಣ್ಣೆಗಂಪಿನ ಮೇಲೆ ಮೇಣದ ವಾಸನೆ ನಿಧಾನಕ್ಕೆ ಏರತೊಡಗಿತು. ಕಿಟಕಿ ತೆಗೆದರೆ ಗಾಳಿ ರಪ್ಪನೆ ಒಳಗೆ ನುಗ್ಗಿತು, ವಾಸನೆ ಮಾತ್ರ ಹೋಗಲಿಲ್ಲ.

ನಾನು ಹೊಸದುರ್ಗದಲ್ಲಿ ಫಿಜಿಯೋಥೆರಪಿಸ್ಟ್. ನಾಲ್ಕೂವರೆ ವರ್ಷ ಓದಿ, ಹೆಣ ಕೊಯ್ದು, ನರ ನರದ ಹೆಸರು ಬಾಯಿಪಾಠ ಮಾಡಿ ಬಂದವಳು. ಊರಿನಲ್ಲಿ ನನಗಿರುವ ಹೆಸರು ಕರೆಂಟ್ ಕೊಡೋ ಮೇಡಂ. ಲಕ್ವ ಹೊಡೆದವರನ್ನು ನನ್ನ ಹತ್ತಿರ ತರುವ ಹೊತ್ತಿಗೆ ಪಾರಿವಾಳದ ರಕ್ತ ಹಚ್ಚಿ, ದೇವರಿಗೆ ಹರಕೆ ಹೊತ್ತು, ಕೊನೆಗೆ ಇದೂ ಒಂದು ಆಗಿಹೋಗಲಿ ಅಂತ ತಂದಿರುತ್ತಾರೆ. ನನ್ನ ಮದುವೆಯ ಮಾತುಕತೆಯಲ್ಲಿ ಗಂಡಿನ ಸೋದರಮಾವ, ಹುಡುಗಿ ಅರ್ಧ ಡಾಕ್ಟ್ರಂತೆ ಅಂದಿದ್ದ. ಉಳಿದ ಅರ್ಧ ಎಲ್ಲಿ ಸಿಗುತ್ತದೆ ಅಂತ ಕೇಳಬೇಕೆಂದಿದ್ದೆ, ಅಮ್ಮ ತೊಡೆ ಜಿಗುಟಿ ಸುಮ್ಮನಿರಿಸಿದಳು.

ಈ ಅರ್ಧತನವನ್ನು ಜೀವಕ್ಕೆ ಹಚ್ಚಿಕೊಂಡು ಹೋರಾಡಿದವರು ರುದ್ರಮುನಿ ಸರ್. ನಮ್ಮ ಜಿಲ್ಲೆಯ ಫಿಜಿಯೋಗಳಲ್ಲಿ ಎಲ್ಲರಿಗಿಂತ ಹಿರಿಯರು, ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಅವರ ಕ್ಲಿನಿಕ್ಕು. ನಾನು ಕಾಲೇಜು ಮುಗಿಸಿ ಬಂದ ಹೊಸದರಲ್ಲಿ ಅವರ ಕೈಕೆಳಗೇ, ಈ ಮೇಣದ ತೊಟ್ಟಿಯ ಪಕ್ಕದಲ್ಲೇ ಕೆಲಸ ಕಲಿತೆ. ದಪ್ಪ ಮೀಸೆ, ದೊಡ್ಡ ದನಿ, ಹಣೆಯಲ್ಲಿ ತೆಳ್ಳಗೆ ವಿಭೂತಿ. ವಯಸ್ಸಿನಲ್ಲಿ ಹೊರಕೆರೆದೇವಪುರದ ಕಡೆ ನಾಟಕಗಳಲ್ಲಿ ಪಾರ್ಟು ಮಾಡಿದವರು. ಕೊನೆಯ ಸೀನಿನಲ್ಲಿ ಸಾಯುವ ಪಾರ್ಟು ಯಾವುದಿದ್ದರೂ ಅದು ಅವರಿಗೇ ಮೀಸಲಂತೆ. ಅವರು ಸತ್ತರೆ ಹೆಂಗಸರು ನಿಜವಾಗಿ ಅಳುತ್ತಿದ್ದರಂತೆ. ಇದನ್ನು ಅವರೇ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು.

ಅವರ ಹೋರಾಟ ಸಣ್ಣದು, ಕೇಳಿದರೆ ಯಾರಿಗೂ ರೋಮಾಂಚನ ಆಗುವಂಥದ್ದಲ್ಲ. ಡಾಕ್ಟರಿಗೆ, ನರ್ಸಿಗೆ, ಔಷಧಿ ಅಂಗಡಿಯವನಿಗೆ ಒಂದೊಂದು ಕೌನ್ಸಿಲ್ ಇದೆ, ಒಂದೊಂದು ನೋಂದಣಿ ಸಂಖ್ಯೆ ಇದೆ. ನಮಗೆ ಇರಲಿಲ್ಲ. ದೆಹಲಿಯಲ್ಲಿ ಕಾನೂನು ಆಗಿದೆ ಅಂದರು, ನಮ್ಮ ಕಡೆ ಅದು ಇನ್ನೂ ಬಂದು ಮುಟ್ಟಿರಲಿಲ್ಲ. ನನ್ನ ಕ್ಲಿನಿಕ್ಕಿನ ಜಾಗಕ್ಕೆ ನೋಂದಣಿ ಇತ್ತು, ಅದರಲ್ಲಿ ಕೆಲಸ ಮಾಡುವ ನನಗೆ ಇರಲಿಲ್ಲ. ಹೀಗಾಗಿ ಯಾರು ಬೇಕಾದರೂ ಎರಡು ಮಷಿನ್ ತಂದಿಟ್ಟುಕೊಂಡು ಫಿಜಿಯೋ ಅಂತ ಬೋರ್ಡು ಹಾಕಬಹುದಿತ್ತು, ಹಾಕಿಯೂ ಇದ್ದರು. ಐಮಂಗಲದ ಕಡೆಯ ಕುರಿಗಾಹಿ ಹೆಂಗಸೊಬ್ಬಳನ್ನು ಕೋಡಿ ಬಿದ್ದ ವರ್ಷದ ಬೇಸಿಗೆಯಲ್ಲಿ, ನಾನು ಹೊಳಲ್ಕೆರೆಗೆ ಹೋಗಿದ್ದ ದಿನವೇ, ಸರ್ ಹತ್ತಿರ ಕರೆತಂದರು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಹೋಗಿತ್ತು. ಯಾವನೋ ಬೋರ್ಡು ಹಾಕಿಕೊಂಡವನು ಆ ಪಾದಕ್ಕೆ ಬಿಸಿ ಶಾಖ ಕಟ್ಟಿ ಮೊಬೈಲ್ ನೋಡುತ್ತಾ ಕೂತಿದ್ದ. ಅವಳಿಗೆ ಸುಟ್ಟಿದ್ದೇ ಗೊತ್ತಾಗಿರಲಿಲ್ಲ. ಕುರಿಯ ಹಿಂದೆ ಊರೂರು ನಡೆಯುತ್ತಿದ್ದ ಕಾಲು ಅದು. ಸರ್ ಡ್ರೆಸ್ಸಿಂಗ್ ಮಾಡಿಸಿ ದೊಡ್ಡಾಸ್ಪತ್ರೆಗೆ ಕಳಿಸಿ, ಬಾಗಿಲ ಮೇಲಿನ ತಮ್ಮ ಬೋರ್ಡನ್ನೇ ನೋಡುತ್ತಾ ನಿಂತರು.

"ಅವನ ಬೋರ್ಡಿನಾಗೂ ಅದೇ ಅಕ್ಷರ, ನನ್ನ ಬೋರ್ಡಿನಾಗೂ ಅದೇ ಅಕ್ಷರ," ಅಂದರು ಕೊನೆಗೆ. "ಆಯಮ್ಮಗೆ ಹೆಂಗೆ ಗೊತ್ತಾಗಬೇಕವ್ವ?"

ವರ್ಷಗಳಿಂದ ಒಬ್ಬರೇ ಅಲೆಯುತ್ತಿದ್ದವರು ಅದಾದ ಮೇಲೆ ಜಿಲ್ಲೆಯ ನಮ್ಮನ್ನೆಲ್ಲ ಕಟ್ಟಿಕೊಂಡು ಚಿತ್ರದುರ್ಗದ ಕಚೇರಿಗಳ ಮೆಟ್ಟಿಲು ಸವೆಸಿದರು. ನಮ್ಮ ಬೇಡಿಕೆಗಳಲ್ಲಿ ಒಂದರ ಬಗ್ಗೆ ಮಾತ್ರ ದೊಡ್ಡ ತಕರಾರು ಎದ್ದಿತು. ರೋಗಿ ನೇರವಾಗಿ ನಮ್ಮ ಹತ್ತಿರ ಬರಬಹುದು, ಪ್ರತಿಯೊಂದಕ್ಕೂ ಡಾಕ್ಟರ ಚೀಟಿ ಬೇಕು ಅನ್ನುವಂತಿಲ್ಲ ಅನ್ನುವುದು ಆ ಬೇಡಿಕೆ. ಒಂದು ಸಭೆಯಲ್ಲಿ ದುರ್ಗದ ಹಿರಿಯ ಮೂಳೆ ಡಾಕ್ಟರೊಬ್ಬರು ಎದ್ದರು. ಒಳ್ಳೆಯ ಡಾಕ್ಟರು, ನನ್ನ ಸ್ವಂತ ಅಜ್ಜಿಯ ಸೊಂಟ ಸರಿಮಾಡಿದವರು. ಆದರೆ ಮಾತು ಕೊಡಲಿಯ ಪೆಟ್ಟು.

"ನಾಳೆ ಒಬ್ಬ ಎಡ ಭುಜ ನೋವು ಅಂತ ನಿಮ್ಮ ಹತ್ತಿರ ಬರ್ತಾನೆ. ಅವನಿಗೆ ಆಗ್ತಿರೋದು ಹಾರ್ಟ್ ಅಟ್ಯಾಕ್. ನೀವು ಭುಜಕ್ಕೆ ಶಾಖ ಕೊಟ್ಟು ಮನೆಗೆ ಕಳಿಸ್ತೀರಿ. ಅವನ ಜೀವಕ್ಕೆ ಯಾರು ಹೊಣೆ?"

ಸಭೆಯಲ್ಲಿ ಕೆಲವರು ನಕ್ಕರು. ಸರ್ ಮುಖ ಕಪ್ಪಿಟ್ಟಿತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ. ಆ ಡಾಕ್ಟರು ಹೇಳಿದ್ದು ತಪ್ಪಲ್ಲ, ನಮ್ಮಲ್ಲಿ ಹಾಗೆ ಮಾಡುವವರು ಇದ್ದಾರೆ, ನಾವು ಅಂಥವರಲ್ಲ ಅಂತ ತೋರಿಸಬೇಕು, ಮೊದಲು ನಮಗೆ ನಾವೇ ತೋರಿಸಿಕೊಳ್ಳಬೇಕು ಅಂದರು.

ಹಾಗೆ ಶುರುವಾಯಿತು ಸರ್ ಅವರ ಪರೀಕ್ಷೆ. ಭಾನುವಾರವೋ ಸಂಜೆಯೋ ಹೊತ್ತು ಮಾಡಿಕೊಂಡು, ಹೇಳದೆ ಕೇಳದೆ ನಮ್ಮ ನಮ್ಮ ಕ್ಲಿನಿಕ್ಕಿಗೆ ರೋಗಿಯಾಗಿ ಬಂದುಬಿಡುತ್ತಿದ್ದರು. ಇಲ್ಲದ ನೋವನ್ನು ಇದೆ ಅಂತ ಹೇಳಿ, ನಾವು ಏನು ಕೇಳುತ್ತೇವೆ, ಎಲ್ಲಿ ಮುಟ್ಟುತ್ತೇವೆ, ಯಾವಾಗ ಇದು ನಮ್ಮ ಕೆಲಸವಲ್ಲ ಅಂತ ಡಾಕ್ಟರ ಹತ್ತಿರ ಕಳಿಸುತ್ತೇವೆ ಅಂತ ನೋಡುತ್ತಿದ್ದರು. ಹಿರಿಯೂರಿನ ತಿಪ್ಪೇಶ, ನನ್ನ ಓರಗೆಯವನು, ಸೊಂಟನೋವಿನ ಪರೀಕ್ಷೆಯಲ್ಲಿ ಬೆವರಿಳಿಸಿಕೊಂಡ. ನನ್ನ ಹತ್ತಿರ ಸರ್ ಕಾಲಿನ ಮೀನಖಂಡ ನೋವು ಅಂತ ಕುಂಟುತ್ತಾ ಬಂದರು. ದೂರದ ಬಸ್ ಪ್ರಯಾಣ ಮಾಡಿದ್ದೆ, ಒಂದೇ ಕಾಲು ಬಿಸಿಯಾಗಿದೆ ಅಂತ ಸುಳಿವನ್ನೂ ಕೊಟ್ಟರು. ನಾನು ಮಂಕುದಿಣ್ಣೆ, ಮಂಚದ ಮೇಲೆ ಮಲಗಿಸಿ ತಿಕ್ಕಲಿಕ್ಕೆ ಶುರುಮಾಡಿದೆ. ಸರ್ ಎದ್ದು ಕೂತು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ನೀನು ತಿಕ್ಕಿದ್ದಕ್ಕೆ ಅದು ಶ್ವಾಸಕೋಶಕ್ಕೆ ಹೋಯಿತು, ನಾನೀಗ ಹೆಣ ಅಂತ ಘೋಷಿಸಿದರು. ಆಮೇಲೆ ನಿಜವಾಗಿ ಹೆಣದ ಹಾಗೆ ನಾಲಿಗೆ ಚಾಚಿ ಮಲಗಿದರು. ನನಗೆ ನಗುವೂ ಬಂತು, ಅಳುವೂ ಬಂತು. ಮುಂದಿನ ಸಲ ಇವರಿಗೆ ಮಣ್ಣು ಮುಕ್ಕಿಸದಿದ್ದರೆ ನಾನು ನಿರ್ಮಲಾ ಅಲ್ಲ ಅಂತ ಅವರೆದುರೇ ಶಪಥ ಮಾಡಿದೆ.

ಆ ವರ್ಷದ ಮಳೆಯನ್ನು ನಮ್ಮ ಸೀಮೆಯವರು ಮರೆಯಲಾರರು. ಮಳೆಗೆ ಮುಗಿಲು ನೋಡಿ ನೋಡಿ ಕತ್ತು ನೋಯುವ ಊರು ನಮ್ಮದು, ಅಂಥಲ್ಲಿ ಗೋಡೆಗಳೆಲ್ಲ ಪಾಚಿ ಹಿಡಿದವು. ಮಾರಿಕಣಿವೆಯ ಹಿನ್ನೀರು ಹೊಸದುರ್ಗದ ಕಡೆ ಏರಿ ಏರಿ ತೆಂಗಿನ ತೋಟಗಳಿಗೆ ನುಗ್ಗಿತು. ರಸ್ತೆಯಿಂದ ನೋಡಿದರೆ ನೀರಿನ ಮೇಲೆ ಬರೀ ತೆಂಗಿನ ಸುಳಿಗಳು ಕಾಣುತ್ತಿದ್ದವು. ಅಜ್ಜಂದಿರ ಕಾಲದಲ್ಲಿ ಯಾವಾಗಲೋ ಕೋಡಿ ಬಿದ್ದಿದ್ದಂತೆ, ನಮ್ಮಲ್ಲಿ ಯಾರೂ ಕಂಡವರಿರಲಿಲ್ಲ. ಗೌರಿ ಗಣೇಶ ಹಬ್ಬದ ಆಸುಪಾಸಿನಲ್ಲಿ ಕೋಡಿ ಬಿತ್ತು ಅನ್ನುವ ಸುದ್ದಿ ಬಂದಾಗ ಜನ ಬಸ್ಸು, ಟ್ರ್ಯಾಕ್ಟರು, ಬೈಕು ಏರಿ ದೇವರನ್ನು ನೋಡಲು ಹೋದಂತೆ ಹೋದರು. ನಮ್ಮ ಗುಂಪೂ ಹೋಗುವುದೆಂದಾಯಿತು. ಮುಂದಿನ ಸೋಮವಾರ ದುರ್ಗದಲ್ಲಿ ಅಧಿಕಾರಿಗಳ ಮುಂದೆ ದೊಡ್ಡ ಸಭೆ ಇತ್ತು, ಆ ಮೂಳೆ ಡಾಕ್ಟರೂ ಬರುವವರಿದ್ದರು. ಹಿಂದಿನ ದಿನ ಎಲ್ಲರೂ ಹಿರಿಯೂರಿನಲ್ಲಿ ಸೇರಿ, ಏನು ಮಾತಾಡಬೇಕು ಅಂತ ಗಟ್ಟಿಮಾಡಿಕೊಂಡು, ಹಾಗೇ ಕೋಡಿ ನೋಡಿಕೊಂಡು ಬರುವುದು ಅಂತ ಸರ್ ಹೇಳಿದ್ದರು.

ಅದಕ್ಕೂ ಮುಂಚಿನ ಶನಿವಾರ ಸಂಜೆ ಸರ್ ನನ್ನ ಕ್ಲಿನಿಕ್ಕಿಗೆ ಬಂದರು. ಮೆಟ್ಟಿಲ ಮೇಲೆ ಅವರ ಹೆಜ್ಜೆ ನಿಧಾನವಾಗಿ ಕೇಳಿಸಿತು. ಬಾಗಿಲಲ್ಲಿ ನಿಂತು ಎಡ ಭುಜವನ್ನು ಬಲಗೈಯಲ್ಲಿ ಹಿಡಿದುಕೊಂಡು, "ಮೂರು ದಿನದಿಂದ ನೋಯ್ತೈತೆ, ವಸಿ ನೋಡು ಡಾಕ್ಟ್ರವ್ವ," ಅಂದರು.

ಎಡ ಭುಜ. ಆ ಡಾಕ್ಟರು ಸಭೆಯಲ್ಲಿ ಹೇಳಿದ್ದ ಅದೇ ಎಡ ಭುಜ. ಬಂತು ನೋಡು ಪರೀಕ್ಷೆ ಅಂದುಕೊಂಡೆ. ಈ ಸಲ ಬಿಡಲಿಲ್ಲ. ಕೂರಿಸಿದೆ, ತೋಳು ಎತ್ತಿಸಿದೆ, ಹಿಂದಕ್ಕೆ ತಿರುಗಿಸಿದೆ, ಕತ್ತು ಬಗ್ಗಿಸಿದೆ, ಒತ್ತಿದೆ, ಎಳೆದೆ. ಭುಜದ ನೋವಾದರೆ ಭುಜ ಆಡಿಸಿದಾಗ ಹೆಚ್ಚಬೇಕು, ಕತ್ತಿನದಾದರೆ ಕತ್ತು ತಿರುಗಿಸಿದಾಗ ಹೆಚ್ಚಬೇಕು. ಯಾವುದಕ್ಕೂ ಹೆಚ್ಚಲಿಲ್ಲ. ಯಾವಾಗ ಜಾಸ್ತಿ ಆಗುತ್ತದೆ ಅಂತ ಕೇಳಿದೆ. ಮೆಟ್ಟಿಲು ಹತ್ತಿದಾಗ ಅಂದರು. ಕೂತರೆ? ಕೂತರೆ ಕಮ್ಮಿ ಆಗುತ್ತದೆ ಅಂದರು. ದವಡೆ ಹಿಡಿದಂತಾಗುತ್ತದಾ ಅಂದೆ. ದವಡೆ ಸವರಿಕೊಂಡು ಹೂಂ ಅಂದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ಸರ್, ಇದು ಭುಜದ್ದಲ್ಲ, ಹಾರ್ಟಿಂದು," ಅಂದೆ, ಗೆದ್ದ ದನಿಯಲ್ಲಿ. "ನಾನು ಇದನ್ನ ಮುಟ್ಟಲ್ಲ. ಈಗಲೇ ಹೋಗಿ ಇಸಿಜಿ ಮಾಡಿಸಿ."

ಸರ್ ನನ್ನ ಮುಖವನ್ನೇ ನೋಡಿದರು. ಆಮೇಲೆ ಮೀಸೆಯೊಳಗೆ ನಗು ಅರಳಿತು. "ಪಾಸಾದೆ ಕಣವ್ವ," ಅಂದರು.

ನಾನು ಕುಣಿಯುವುದೊಂದು ಬಾಕಿ. ಶರ್ಟಿನ ಕಾಲರು ನೆನೆಯುವಷ್ಟು ಬೆವರು ಹೇಗೆ ತರಿಸಿಕೊಂಡಿರಿ, ಇದೂ ನಾಟಕದ ಕಂಪನಿಯಲ್ಲಿ ಕಲಿಸಿದ್ದಾ ಅಂತ ಕೇಳಿದೆ. ಅವರು ಜೋರಾಗಿ ನಕ್ಕರು. ನಾನೂ ನಕ್ಕೆ. ಕೆಳಗಿನಿಂದ ಚಹಾ ತರಿಸಿದೆ, ಅವರು ಅರ್ಧ ಕುಡಿದು ಲೋಟ ಇಟ್ಟರು. ಸೋಮವಾರ ಎಲ್ಲರ ಮುಂದೆ ನಿನ್ನ ಹೆಸರು ಹೇಳುತ್ತೇನೆ ಅಂದು ಹೊರಟರು. ಮೆಟ್ಟಿಲ ನಡುವೆ ಕಂಬಿ ಹಿಡಿದು ನಿಂತರು. ನಾನು ಮೇಲಿನಿಂದ ನೋಡಿದೆ. ಇನ್ನೂ ಪಾರ್ಟು ಬಿಟ್ಟಿಲ್ಲ ನೋಡು ಈ ಮನುಷ್ಯ ಅಂತ ಅಂದುಕೊಂಡೆ.

ಭಾನುವಾರ ಅವರು ಹಿರಿಯೂರಿಗೆ ಬರಲಿಲ್ಲ. ಫೋನ್ ಎತ್ತಲಿಲ್ಲ. ಮನೆಗೆ ಯಾರಾದರೂ ಬಂದಿರಬೇಕು, ನೇರ ಕೋಡಿಯ ಹತ್ತಿರ ಬರುತ್ತಾರೆ ಅಂತ ನಾವು ಮುಂದೆ ಹೋದೆವು. ಕೋಡಿಯ ನೀರು ಕಲ್ಲಿನ ಮೇಲೆ ಬೆಳ್ಳಗೆ ಇಳಿಯುತ್ತಿತ್ತು, ಜನ ಕುಂಕುಮ, ಹೂವು ಎಸೆದು ಕೈಮುಗಿಯುತ್ತಿದ್ದರು. ತಿಪ್ಪೇಶನ ಫೋನ್ ಬಡಿದುಕೊಂಡಿತು. ನೀರಿನ ಸದ್ದಿಗೆ ಅವನಿಗೆ ಕೇಳಿಸಲಿಲ್ಲ, ಕಿವಿ ಮುಚ್ಚಿಕೊಂಡು ಏನು, ಏನು ಅಂತ ಕೂಗುತ್ತಾ ದೂರ ನಡೆದ. ವಾಪಸ್ಸು ಬಂದಾಗ ಅವನ ಮುಖ ನೋಡಿ ನನಗೆ ಮೊದಲು ನೆನಪಾದದ್ದು ಆ ಅರ್ಧ ಚಹಾ ಉಳಿದ ಲೋಟ. ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ದುರ್ಗಕ್ಕೆ ಒಯ್ಯುವ ದಾರಿಯಲ್ಲೇ ಎಲ್ಲ ಮುಗಿದಿತ್ತು.

ಹೊಳಲ್ಕೆರೆಗೆ ಹೋದಾಗ ಅವರನ್ನು ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ಹೊಸ ವಿಭೂತಿ. ಎಡ ಭುಜ ಚೂರು ಕೆಳಗೆ ಜಾರಿತ್ತು. ಕಣ್ಣು ಬಿಟ್ಟು, ಮತ್ತೆ ಫೇಲಾದೆ ಅನ್ನುತ್ತಾರೆ ಅಂತ ನಾನು ಕಾದೆ. ಹುಚ್ಚಿ ಅನ್ನಿ ಬೇಕಾದರೆ, ನಿಜವಾಗಿ ಕಾದೆ. ಆ ಮೂಳೆ ಡಾಕ್ಟರೂ ಹಾರ ಹಿಡಿದು ಬಂದಿದ್ದರು. ಕೈಮುಗಿದು ನಿಂತು, ಮುಂಚೆ ಏನಾದರೂ ನೋವು ಗೀವು ಅಂದಿದ್ದರಾ, ಯಾರಿಗಾದರೂ ತೋರಿಸಿದ್ದರಾ ಅಂತ ಮೆಲ್ಲಗೆ ಕೇಳಿದರು. ನಾನು ಬಾಯಿ ತೆರೆದೆ. ತಿಪ್ಪೇಶ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದ. ದಾರಿಯಲ್ಲಿ ಅವನಿಗೆ ಎಲ್ಲ ಹೇಳಿದ್ದೆ. ಸರ್ ಹಿಂದಿನ ದಿನ ಒಬ್ಬ ಫಿಜಿಯೋ ಹತ್ತಿರ ಭುಜ ತೋರಿಸಿದ್ದರು ಅಂತ ಒಂದು ಮಾತು ಹೊರಬಿದ್ದರೆ ಸಾಕು, ನೀನು ಏನು ಹೇಳಿ ಕಳಿಸಿದೆ ಅಂತ ಯಾರೂ ಕೇಳಲ್ಲ, ಇಪ್ಪತ್ತು ವರ್ಷದ ಅವರ ಹೋರಾಟ ಅವರ ಸಾವಿನಿಂದಲೇ ಸುಟ್ಟುಹೋಗುತ್ತದೆ ಅಂದಿದ್ದ. ಸುಳ್ಳೇನಲ್ಲ. ನಾನು ಬಾಯಿ ಮುಚ್ಚಿಕೊಂಡೆ.

ಸೋಮವಾರದ ಸಭೆ ಮುಂದಕ್ಕೆ ಹೋಯಿತು, ಮುಂದಕ್ಕೆ ಹೋದದ್ದು ನಡೆಯಲೇ ಇಲ್ಲ. ಬೆಕ್ಕಿಗೆ ಗಂಟೆ ಕಟ್ಟುತ್ತಿದ್ದವರು ಅವರೊಬ್ಬರೇ ಆಗಿದ್ದರು. ಗುಂಪು ವಾಟ್ಸಾಪಿನಲ್ಲಿ ಹಬ್ಬದ ಶುಭಾಶಯಕ್ಕೆ ಇಳಿಯಿತು. ಈಗ ಕೌನ್ಸಿಲ್ ಅಂತೆ, ನೋಂದಣಿ ಅಂತೆ, ಮಾತು ಮತ್ತೆ ಎದ್ದಿದೆ. ತಿಪ್ಪೇಶ ಮೊನ್ನೆ ಫೋನ್ ಮಾಡಿ, ಇನ್ನೇನು ನಮಗೂ ನಂಬರ್ ಬರುತ್ತದೆ ಅಂತ ಖುಷಿಪಟ್ಟ. ನಾನೂ ಖುಷಿಪಟ್ಟೆ. ಆ ನಂಬರು ಮೊದಲು ಯಾರಿಗೆ ಬರಬೇಕಿತ್ತು ಅನ್ನುವುದನ್ನು ಇಬ್ಬರೂ ಎತ್ತಲಿಲ್ಲ.

ನನ್ನನ್ನು ತಿಂದದ್ದು ಬೇರೆ. ಆ ಶನಿವಾರ ಸರ್ ಪರೀಕ್ಷೆ ಮಾಡಲು ಬಂದಿದ್ದರಾ, ಇಲ್ಲಾ ನಿಜವಾಗಿ ನೋಯುತ್ತಿತ್ತಾ? ನಾಟಕವೇ ಆಗಿದ್ದರೆ, ಯಾವ ನೋವನ್ನು ಆಡಿ ತೋರಿಸಿದರೋ ಅದೇ ಮಾರನೆಯ ದಿನ ಅವರನ್ನು ಹುಡುಕಿಕೊಂಡು ಬಂತು. ನಿಜವೇ ಆಗಿದ್ದರೆ ಪಾಸಾದೆ ಅಂತ ಯಾಕೆ ಅಂದರು? ಇವತ್ತಿಗೂ ಮೆಟ್ಟಿಲಲ್ಲಿ ಯಾರಾದರೂ ಕಂಬಿ ಹಿಡಿದು ನಿಂತರೆ ನಾನು ಕೆಲಸ ಬಿಟ್ಟು ಕೆಳಗೆ ಓಡುತ್ತೇನೆ. ಭುಜನೋವು ಅಂದವರನ್ನೆಲ್ಲ ನಿಜಾನಾ, ನಿಜಾನಾ ಅಂತ ಎರಡೆರಡು ಸಲ ಕೇಳುತ್ತೇನೆ. ನೋವಿಲ್ಲದೆ ಇಲ್ಲಿಗೆ ಕುರಿ ಮೇಯಿಸಾಕೆ ಬರ್ತಾರಾ ಅಂತ ಒಬ್ಬ ಅಜ್ಜ ರೇಗಿಯೂ ಇದ್ದ. ಉತ್ತರ ಗೊತ್ತಿರಬಹುದಾದವರು ಗಿರಿಜಕ್ಕ ಒಬ್ಬರೇ, ಅವರನ್ನು ಕೇಳಲು ನನಗೆ ಎದೆಯಿರಲಿಲ್ಲ. ವರ್ಷದ ಕಾರ್ಯಕ್ಕೆ ಹೋದಾಗಲೂ ಊಟದ ಎಲೆ ನೋಡಿಕೊಂಡು ಕೂತು ಎದ್ದುಬಂದೆ.

ಗಿರಿಜಕ್ಕ ಹನ್ನೊಂದರ ಬಸ್ಸಿಗೆ ಬಂದರು. ಸೊರಗಿದ್ದರು. ಮೇಣದ ತೊಟ್ಟಿಯನ್ನು ನೋಡಿ ಅದರ ಅಂಚನ್ನು ಬೆರಳಿನ ಗೆಣ್ಣಿನಿಂದ ಒಮ್ಮೆ ಸವರಿದರು. ನಾನು ಅವರ ಎರಡೂ ಕೈಗಳನ್ನು ಅದ್ದಿ ತೆಗೆದು, ಮತ್ತೆ ಅದ್ದಿ, ಮೇಣ ದಪ್ಪಗೆ ಕೂತ ಮೇಲೆ ಪ್ಲಾಸ್ಟಿಕ್ ಸುತ್ತಿ ಟವೆಲ್ ಕಟ್ಟಿದೆ. ಇನ್ನು ಸ್ವಲ್ಪ ಹೊತ್ತು ಅಲ್ಲಾಡಬಾರದು ಅಂದೆ. ಅವರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಾ ಕೂತರು. ಗಾಳಿಗೆ ಮಂಡಿಯ ತಗಡು ಬಡಿದುಕೊಳ್ಳುತ್ತಿತ್ತು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬೇಡ," ಅಂದರು. "ಅವತ್ತು ನೀನು ಸರಿಯಾಗೇ ಹೇಳಿದ್ದೆ ಅಂತ ಅವ್ರು ಬಂದು ನನಗೆ ಹೇಳಿದ್ರು. ಹಾರ್ಟಿಂದು ಅಂದ್ಲು ಕಣೆ, ಕೈಯಿಟ್ಟು ನೋಡಿ ಹಿಡಿದುಬಿಟ್ಲು ಅಂದ್ರು. ಹಂಗಾದ್ರೆ ಈಗ್ಲೇ ಹೋಗಾಣ ನಡೀರಿ ಅಂದೆ. ಸೋಮವಾರ ಆ ಮೂಳೆ ಡಾಕ್ಟ್ರ ಮುಂದೆ ಶರ್ಟು ಬಿಚ್ಚಿ ಹೇಳ್ತೀನಿ, ನಮ್ಮ ಹುಡುಗಿ ಹಿಡಿದಿದ್ದನ್ನ ಅವರೇ ನೋಡ್ಲಿ, ಅವರ ಹತ್ರಾನೇ ಇಸಿಜಿ ಮಾಡಿಸ್ತೀನಿ, ಒಂದು ದಿನಕ್ಕೆ ಏನಾಗ್ತೈತೆ ಅಂದ್ರು. ಅಷ್ಟು ಖುಷಿಯಾಗಿ ಅವ್ರು ಮಲಗಿದ್ದನ್ನ ನಾನು ಕಂಡಿರ್ಲಿಲ್ಲ."

ಸಡಿಲವಾಗಿದ್ದ ಟವೆಲಿನ ತುದಿಯನ್ನು ನಾನು ಮತ್ತೆ ಸಿಕ್ಕಿಸಿದೆ.

"ಅವ್ರದ್ದು ಹಟ, ಬಿಡು. ಆದ್ರೆ ನೀನು?" ಗಿರಿಜಕ್ಕ ಈಗ ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದಿನ ಇಟ್ಟುಕೊಂಡು ಸವೆದುಹೋದಂತಿತ್ತು. "ಸರ್ಕಾರಿ ಆಸ್ಪತ್ರೆ ಈ ಮೆಟ್ಟಿಲು ಇಳಿದ್ರೆ ಐತೆ. ಹಾರ್ಟಿಂದು ಅಂತ ನಿನಗೆ ಗೊತ್ತಾಗಿತ್ತು. ಕೈ ಹಿಡಿದು ಯಾಕವ್ವ ಕರ್ಕಂಡು ಹೋಗ್ಲಿಲ್ಲ?"

ಆಗ ಹೇಳಿದೆ. ಅವರು ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ ಅಕ್ಕ, ಅಂದೆ. ಹಿಂದೆಯೂ ಹಾಗೇ ಬಂದು ಮಾಡಿದ್ದರು, ಇದೂ ಅದೇ ಅಂದುಕೊಂಡೆ.

ಗಿರಿಜಕ್ಕನಿಗೆ ಅರ್ಥವಾಗಲಿಲ್ಲ. ಮೇಣ ಮೆತ್ತಿದ ಎರಡು ಕೈಗಳನ್ನು ಎದೆಯ ಹತ್ತಿರ ತಂದುಕೊಂಡು ನನ್ನನ್ನೇ ನೋಡಿದರು.

"ಯಾವ ಪರೀಕ್ಷೆ?" ಅಂದರು. "ಮೂರು ದಿನದಿಂದ ನಿದ್ದೆ ಮಾಡಿರ್ಲಿಲ್ಲವ್ವ. ನಿರ್ಮಲನ ಹತ್ರ ತೋರಿಸ್ಕಂಡು ಬರ್ತೀನಿ ಅಂತ ಹೋಗಿದ್ರು."